ಕರೆಂಟಿನ ಮಡಿ

ಸ್ವಿಚ್ ಹಾಕುವಾಗ ಕರೆಂಟು ಎಲ್ಲಿಂದ ಬಂತೆಂದು ಯೋಚಿಸಿದವನಲ್ಲ ನಾನು. ಬಂತಲ್ಲ ಎಂಬ ಸಂತೋಷವೇ ಯಲ್ಲಾಪುರದಲ್ಲಿ ನಮಗೆ ಸಾಕಾಗುತ್ತಿತ್ತು. ಹೆಗ್ಗರಣೆಯ ನನ್ನ ಭಾವ, ಅಂದರೆ ಅಕ್ಕನ ಗಂಡ, ಅಷ್ಟಕ್ಕೆ ತೃಪ್ತರಾಗುವವರಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಪೇಪರಿನಲ್ಲಿ ಒಂದು ಲೇಖನ ಓದಿದರು. ನಮ್ಮ ಕಡೆಯ ಕರೆಂಟು ಹೊಳೆ ನೀರಿನದು, ಬಯಲುಸೀಮೆಯದು ಕಲ್ಲಿದ್ದಲು ಸುಟ್ಟದ್ದು; ಬಲ್ಬು ಒಂದೇ, ಬೆಳಕೂ ಒಂದೇ, ಅದರ ಹಿಂದಿನ ಹೊಗೆ ಮಾತ್ರ ಸೀಮೆಯಿಂದ ಸೀಮೆಗೆ ಬೇರೆ. ಬೇಸಿಗೆಯಲ್ಲಿ ಅಣೆಕಟ್ಟು ಬತ್ತಿದರೆ ನಮಗೂ ಆ ಹೊಗೆಯ ಕರೆಂಟೇ ಗತಿ. ಇದನ್ನೋದಿ ಬೇರೆಯವರು ಭೂಮಿ ಬಿಸಿಯಾಗುವ ಬಗ್ಗೆ ಚಿಂತಿಸಿಯಾರು. ಭಾವ ಮಡಿಯ ಬಗ್ಗೆ ಚಿಂತಿಸಿದರು.

ನೀರಿನದು ಶುದ್ಧ, ಸುಟ್ಟದ್ದು ಮೈಲಿಗೆ ಎಂದು ತೀರ್ಮಾನವಾಯಿತು. ಹೋಳಿ ಹುಣ್ಣಿಮೆಯಿಂದ ಮಳೆ ಹಿಡಿಯುವವರೆಗೆ ಅಡಿಗೆಮನೆಯಲ್ಲಿ ಮಿಕ್ಸಿ ನಿಷಿದ್ಧ. ಅಕ್ಕ ಮತ್ತು ಮಗಳು ಸವಿತಾ ಒರಳಿನ ಮುಂದೆ ಕೂತರು. ತಂತಿಯೊಳಗೆ ಎಲ್ಲ ಕರೆಂಟೂ ಬೆರೆತೇ ಬರುತ್ತದೆ, ಅಲ್ಲಿ ಪಂಕ್ತಿಭೇದವಿಲ್ಲ ಎಂದು ನಾನು ನನ್ನ ಪಿಯುಸಿ ವಿಜ್ಞಾನವನ್ನೆಲ್ಲ ಖರ್ಚು ಮಾಡಿದೆ. ಹಾಗಾದರೆ ಮೀಟರಿಗೇ ಪಂಚಗವ್ಯ ಪ್ರೋಕ್ಷಣೆ ಮಾಡೋಣವೆಂದು ಭಾವ ಎದ್ದರು. ಅಕ್ಕ ತಡೆದಳು.

"ಮೀಟರಿಗೆ ನೀರು ಹೊಡೆದ್ರೆ ಮುಂದಿನ ತಿಥಿ ನಿಂಗಳದ್ದೇಯ."

ಸವಿತಾಳಿಗೆ ಆ ಸಂಬಂಧ ಬರದಿದ್ದರೆ ಇದು ನಗೆಯಲ್ಲೇ ಮುಗಿಯುತ್ತಿತ್ತು. ಸಿದ್ದಾಪುರದ ಹುಡುಗ, ಗುಣವಂತ, ಅವಳಿಗೂ ಮೆಚ್ಚುಗೆ. ಆದರೆ ಅವನು ಬಯಲುಸೀಮೆಯ ಒಂದು ಕಲ್ಲಿದ್ದಲು ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರು.

"ಜಾತಕ ಕೂಡ್ತು. ಕರೆಂಟು ಕೂಡ್ತಿಲ್ಲೆ" ಎಂದರು ಭಾವ. ಒಪ್ಪಿಸಲೆಂದೇ ಹೋದ ನಾನು ಚಾ ಕುಡಿದು ಸೋತು ಕೂತೆ. ಸವಿತಾ ನನ್ನ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಭಾವ ಸ್ನಾನಕ್ಕೆ ಹೋದರೆ ನಲ್ಲಿಯಲ್ಲಿ ನೀರಿಲ್ಲ. ಸವಿತಾ ಬಾವಿಯ ಪಂಪಿನ ಫ್ಯೂಸು ಕಿತ್ತಿಟ್ಟಿದ್ದಳು. ಹಗ್ಗ, ಕೊಡಪಾನ ತಂದು ಅಪ್ಪನ ಮುಂದಿಟ್ಟಳು.

"ಇದು ಬೇಸಿಗೆ, ಅಪ್ಪಯ್ಯ. ಪಂಪಿಗೂ ಅದೇ ಕರೆಂಟು. ಮಡಿ ನೀರು ಬೇಕಾದ್ರೆ ನೀನೇ ಸೇದವು."

ಭಾವ ಅಷ್ಟು ಸುಲಭಕ್ಕೆ ಸೋಲುವ ಪೈಕಿಯಲ್ಲ. ಸ್ನಾನಕ್ಕೆ ಸೇದಿದರು, ಪೂಜೆಗೆ ಸೇದಿದರು, ದನಕರುಗಳಿಗೆ ಸೇದಿದರು. ಬೇಸಿಗೆಯ ಬಾವಿ, ನೀರು ಪಾತಾಳದಲ್ಲಿ. ದನಗಳು ಮಡಿ ಲೆಕ್ಕಿಸದೆ ಕುಡಿಯುತ್ತಲೇ ಇದ್ದವು. ವಾರ ಕಳೆಯುವುದರೊಳಗೆ ಭಾವನ ಅಂಗೈ ತುಂಬ ಬೊಕ್ಕೆ ಎದ್ದು, ಅವರು ನನ್ನನ್ನು ಮತ್ತೆ ಕರೆಸಿ ಹೇಳಿದರು; ನಮ್ಮಲ್ಲಿ ಹೆಂಡತಿಯ ತಮ್ಮನೂ ಭಾವಯ್ಯನೇ.

"ಭಾವಯ್ಯ, ಆನು ಯೋಚ್ನೆ ಮಾಡ್ದೆ. ಕಲ್ಲಿದ್ದಲು ಸುಟ್ರೂ ಅದು ಬೆಂಕಿಯೇ ಅಲ್ದ? ಬೆಂಕಿ ಅಂದ್ರೆ ಅಗ್ನಿ. ಮಾಣಿ ದಿನಾ ಅಗ್ನಿಕಾರ್ಯ ಮಾಡ್ತಾ ಇದ್ದ. ಮದುವೆ ಮಾತಿಗೆ ಬಪ್ಪಲೆ ಹೇಳು."

ಸವಿತಾ ಒಳಗೆ ಹೋಗಿ ಅತ್ತಳಂತೆ. ನಾನು ಹೊರಗೆ ನಿಂತು ಸುಮ್ಮನೆ ಮೂಗು ಒರೆಸಿಕೊಂಡೆ, ಅಷ್ಟು ಖುಷಿಯಾಗಿತ್ತು. ಈಗ ಹೊಗೆಯ ಲೆಕ್ಕ ಹಾಕಲು ದೇಶದೇಶದ ದೊಡ್ಡವರು ಸಭೆ ಸೇರುತ್ತಾರೆ. ಸೇರಲಿ. ಕರೆಂಟು ಎಲ್ಲಿಯದೆಂದು ಕೇಳುವುದು ಒಳ್ಳೆಯದೇ. ಒರಳಿನ ಮುಂದೆ ಯಾರನ್ನು ಕೂರಿಸುತ್ತೀರಿ ಎಂದು ಮಾತ್ರ ಅವರನ್ನೂ ಒಮ್ಮೆ ಕೇಳಬೇಕು.