ಮಗ್ಗದ ಕಿವಿ

ಗಂಗಾಧರ ‘ಹಿಡಿಯೋ’ ಎಂದದ್ದು ನನಗೆ ಕೇಳಿಸಿತ್ತು. ಒಂದು ಸಲವಲ್ಲ, ಎರಡು ಸಲ ಕೇಳಿಸಿತ್ತು. ಅವನು ಜಿಮ್ಮಿನ ಬೆಂಚಿನ ಮೇಲೆ ಅಂಗಾತ ಮಲಗಿದ್ದ, ಭಾರ ಏರಿಸಿದ ಕಬ್ಬಿಣದ ಬಾರು ಅವನ ಎದೆಯಿಂದ ಅರ್ಧ ಮೇಲೆದ್ದು ಅಲ್ಲೇ ನಿಂತುಬಿಟ್ಟಿತ್ತು. ಅಂಥ ಹೊತ್ತಿನಲ್ಲಿ ಅದನ್ನು ಹಿಡಿಯಲೆಂದೇ ನಾನು ಅವನ ತಲೆಯ ಹಿಂದೆ ಸಪೋರ್ಟಿಗೆ ನಿಂತಿದ್ದೆ. ನನ್ನ ಎರಡೂ ಕೈ ಖಾಲಿ ಇದ್ದವು — ಆದರೂ ನಾನು ಹಿಡಿಯಲಿಲ್ಲ. ಆಮೇಲೆ ಎಲ್ಲರೆದುರು, ಕೇಳಿಸಲಿಲ್ಲ ಎಂದೆ. ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುವವನು ಕೇಳಿಸಲಿಲ್ಲ ಎಂದರೆ ಯಾರೂ ಮರುಮಾತಾಡುವುದಿಲ್ಲ. ದಿನವಿಡೀ ಪವರ್‌ಲೂಮಿನ ಸದ್ದಿನಲ್ಲಿ ನಿಂತವರ ಕಿವಿ ಮಂದವೆಂದು ಊರಿಗೇ ಗೊತ್ತು.

ಆ ಸುಳ್ಳಿನ ಮರೆಯಲ್ಲಿ ನಾನು ಕೆಲವು ವರ್ಷ ಕಳೆದಿದ್ದೇನೆ. ಇನ್ನು ಸಾಕು.

ಗಂಗಾಧರನೂ ನಾನೂ ಒಂದೇ ಬೀದಿಯ ನೇಕಾರರ ಮನೆಗಳಲ್ಲಿ ಬೆಳೆದವರು. ಹುಡುಗರಾಗಿದ್ದಾಗ ಸಂಜೆ ಮಗ್ಗ ನಿಲ್ಲಿಸಿದ ಕೂಡಲೇ ವ್ಯಾಯಾಮಶಾಲೆಗೆ ಓಡುತ್ತಿದ್ದೆವು. ಭಾರ ಎತ್ತುವುದರಲ್ಲಿ ನಾನು ಅವನಿಗಿಂತ ಒಂದು ಕೈ ಮೇಲು. ಇದು ಜಂಬವಲ್ಲ — ಅಥವಾ ಜಂಬವೇ ಆಗಲಿ, ನಿಜವಂತೂ ಹೌದು. ಜಿಲ್ಲಾ ಸ್ಪರ್ಧೆಗೆ ಇಬ್ಬರೂ ಹೋದೆವು. ನಮ್ಮ ತೂಕದವರಲ್ಲಿ ರಾಜ್ಯಮಟ್ಟಕ್ಕೆ ಆಯ್ಕೆಯಾಗುವವನು ಒಬ್ಬನೇ. ಸಪೋರ್ಟಿಗೆ ಜನ ಸಾಲದೆ ಸ್ಪರ್ಧೆಗೆ ಬಂದವರೇ ಒಬ್ಬರಿಗೊಬ್ಬರು ನಿಂತಿದ್ದರು. ನನ್ನ ಹಿಂದೆ ನಿಂತವನು ಗಂಗಾಧರ. ಎತ್ತುವವನು ‘ಹಿಡಿ’ ಎನ್ನುವ ತನಕ ಸಪೋರ್ಟಿನವನು ಬಾರು ಮುಟ್ಟುವಂತಿಲ್ಲ. ಬೆರಳು ತಾಗಿದರೂ ಎತ್ತಿದ್ದು ಲೆಕ್ಕಕ್ಕಿಲ್ಲ. ನನ್ನ ಕೊನೆಯ ಸರದಿಯಲ್ಲಿ ಬಾರು ಮೇಲೆ ಹೋಗುತ್ತಿತ್ತು — ನಿಧಾನವಾಗಿ, ನಡುಗುತ್ತಾ, ಆದರೂ ಹೋಗುತ್ತಿತ್ತು. ನಾನು ಹಿಡಿ ಎನ್ನಲಿಲ್ಲ. ಗಂಗಾಧರ ಹಿಡಿದುಬಿಟ್ಟ.

“ಬೀಳ್ತಿತ್ತು ಕಣೋ, ಅದಕ್ಕೇ ಹಿಡಿದೆ,” ಎಂದ.

ಅವನೇ ಆಯ್ಕೆಯಾದ. ಮುಂದೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಊರು ಬಿಟ್ಟ. ನಾನು ಅಪ್ಪನ ಮಗ್ಗಕ್ಕೆ ಮರಳಿದೆ, ಮತ್ತೆ ಬಾರು ಮುಟ್ಟಲಿಲ್ಲ. ಮದುವೆಯಾಯಿತು, ಮಕ್ಕಳಾದರು, ಹೊಟ್ಟೆ ಬಂತು. ನಡುವೆ ಯಾರಾದರೂ ಅವನ ಹೆಸರೆತ್ತಿದರೆ ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ, ಆ ದಿನಗಳಲ್ಲಿ ನಾನೇಕೆ ಕಾರಣವಿಲ್ಲದೆ ರೇಗುತ್ತಿದ್ದೆನೆಂದು.

ನಡುವಯಸ್ಸಿನಲ್ಲಿ ಅವನು ಊರಿಗೇ ವರ್ಗವಾಗಿ ಬಂದ. ಬಸ್ ನಿಲ್ದಾಣದ ಹತ್ತಿರದ ಜಿಮ್ಮಿಗೆ ಸೇರಿದ್ದಾನೆಂದು ತಿಳಿಯಿತು. ಮರುದಿನವೇ ನಾನೂ ಹೋಗಿ ಸೇರಿದೆ. ಶುಗರ್ ಬಂದಿದೆ, ಡಾಕ್ಟರು ವ್ಯಾಯಾಮ ಮಾಡು ಅಂದಿದ್ದಾರೆ ಎಂದು ಮನೆಯಲ್ಲಿ ಹೇಳಿದೆ. ಶುಗರ್ ಇದ್ದದ್ದು ನಿಜ. ಆದರೆ ನಾನು ಹೋದದ್ದು ಶುಗರಿಗಲ್ಲ. ಅವನಿಗಿಂತ ಹೆಚ್ಚು ಎತ್ತಬೇಕು, ಅವನು ನೋಡುತ್ತಿರುವಾಗಲೇ ಎತ್ತಬೇಕು — ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಮೊದಲ ದಿನ ಖಾಲಿ ಬಾರಿಗೇ ನನ್ನ ಕೈ ನಡುಗಿತು. ನನ್ನ ಮಗನ ವಯಸ್ಸಿನವರು ಕನ್ನಡಿಯಲ್ಲಿ ನೋಡಿ ನಕ್ಕರು. ಮಾರನೆಯ ಬೆಳಿಗ್ಗೆ ಹಲ್ಲುಜ್ಜಲು ತೋಳು ಮೇಲೇಳಲಿಲ್ಲ. ಆದರೂ ಬಿಡಲಿಲ್ಲ. ದ್ವೇಷವಿದ್ದರೆ ಮೈನೋವು ಗೊತ್ತಾಗುವುದಿಲ್ಲ, ಇದನ್ನು ನಾನು ಅನುಭವದಿಂದ ಹೇಳುತ್ತೇನೆ. ತಿಂಗಳು ಕಳೆದಂತೆ ಹಳೆಯ ಬಲ ಒಂದೊಂದೇ ಪ್ಲೇಟಾಗಿ ಮರಳಿತು. ಗಂಗಾಧರನೇ ಬೆನ್ನು ತಟ್ಟಿದ. “ಏನ್ಲಾ ಸೀನ, ಮತ್ತೆ ಹುಡುಗ ಆಗ್ಬಿಟ್ಟೆ,” ಎಂದ. ಅವನ ಆ ಸಲಿಗೆಯೇ ನನಗೆ ಉರಿ ಹತ್ತಿಸುತ್ತಿತ್ತು. ಏನೂ ನಡೆದೇ ಇಲ್ಲವೆಂಬಂತೆ ನನ್ನ ನೀರಿನ ಬಾಟಲಿಯಿಂದಲೇ ನೀರು ಕುಡಿಯುತ್ತಿದ್ದ.

ಒಂದು ಬೆಳಿಗ್ಗೆ ಜಿಮ್ ನಡೆಸುವ ನವೀನನಿಗೂ ಇತರ ಹುಡುಗರಿಗೂ ಅವನು ನಮ್ಮ ಹಳೆಯ ಕಥೆ ಹೇಳಿದ. ತಮಾಷೆಯಾಗಿ ಹೇಳಿದ. “ಅವತ್ತು ಇವನು ಎತ್ಬಿಟ್ಟಿದ್ರೆ ನಾನು ಇವತ್ತು ಮಗ್ಗ ಓಡಿಸ್ತಿದ್ದೆ ಗುರು,” ಎಂದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಬದುಕು ಅವನಿಗೆ ಒಂದು ತಮಾಷೆ — ಆ ಕ್ಷಣವೇ ನನ್ನೊಳಗೆ ಏನೋ ನಿರ್ಧಾರವಾಗಿಹೋಯಿತು. ಏನೋ ಎಂದೆನಲ್ಲ, ಅದೂ ಸುಳ್ಳು. ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅವನು ಆವತ್ತು ನಗುನಗುತ್ತಲೇ ಎಂದಿಗಿಂತ ಹೆಚ್ಚು ಭಾರ ಹಾಕಿಸಿ, “ಸಪೋರ್ಟಿಗೆ ನಿಂತ್ಕೊ ಸೀನ,” ಎಂದ. ನಿಂತೆ. ಬಾರು ಎದೆಗಿಳಿಯಿತು, ಅರ್ಧ ಏರಿತು, ನಿಂತಿತು. “ಹಿಡಿಯೋ,” ಎಂದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. “ಸೀನ, ಹಿಡಿಯೋ.” ನನ್ನ ಕೈಗಳು ಬಾರಿನಿಂದ ಒಂದು ಗೇಣು ಮೇಲಿದ್ದವು. ನನಗೆ ಆಗ ಭಯವಾಗಲಿಲ್ಲ, ಗೊಂದಲವಾಗಲಿಲ್ಲ — ಖುಷಿಯಾಯಿತು. ಗಂಜಿ ಹಾಕಿದ ಬಟ್ಟೆ ಹರಿದಂಥ ಸದ್ದು ಅವನ ಭುಜದಿಂದ ಬಂತು. ಆಮೇಲೆ ಹಿಡಿದೆ.

“ಕೇಳಿಸ್ಲಿಲ್ಲ ಕಣೋ,” ಎಂದೆ. ನವೀನ ಓಡಿಬಂದು ಜೋರಾಗಿ ಹಾಕಿದ್ದ ಹಾಡಿನ ಸದ್ದು ತಗ್ಗಿಸಿದ. “ಅಣ್ಣಂದು ಮಗ್ಗದ ಕಿವಿ, ಪಾಪ. ನಾನೇ ನಿಂತ್ಕೋಬೇಕಿತ್ತು,” ಎಂದು ತನ್ನನ್ನೇ ಬೈದುಕೊಂಡ. ಗಂಗಾಧರನನ್ನು ಆಸ್ಪತ್ರೆಗೆ ಕರೆದೊಯ್ದರು. ನಾನು ದಾರಿಯಲ್ಲಿ ಬಿಸಿ ಬೋಂಡ ಕಟ್ಟಿಸಿಕೊಂಡು ಮನೆಗೆ ಹೋಗಿ ತಿಂದೆ, ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದೆ. ಅಷ್ಟು ಒಳ್ಳೆಯ ನಿದ್ದೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ಆಪರೇಷನ್ ಆದ ಮೇಲೆ ನೋಡಲು ಅವನ ಮನೆಗೆ ಹೋದೆ. ಹೋಗದಿದ್ದರೆ ಜನ ಏನಂದಾರು ಎಂದು ಹೋದೆ — ಇಲ್ಲ, ಅವನ ಕೈ ಹೇಗಾಗಿದೆ ನೋಡುವ ಆಸೆಯಿಂದ ಹೋದೆ. ಬಲಗೈ ಎದೆಗೆ ಕಟ್ಟಿತ್ತು. ಅವನ ಹೆಂಡತಿ ಮಂಜುಳ ಅಡುಗೆಮನೆಯಲ್ಲಿದ್ದಳು. ಗೋಡೆಯಾಚೆ ಪಕ್ಕದ ಮನೆಯ ಮಗ್ಗಗಳು ಓಡುತ್ತಿದ್ದವು. ಎದುರು ಕುರ್ಚಿಯಲ್ಲಿ ಕುಳಿತು ಗಂಗಾಧರ, ಕಾಫಿಗೆ ಸಕ್ಕರೆ ಹಾಕಿಸಲೇ ಎಂದು ಕೇಳಿದ.

“ಬೇಡ, ನಂಗೆ ಶುಗರ್ ಅಲ್ವಾ,” ಎಂದೆ.

ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿದ.

“ಈಗ ಸಕ್ಕರೆ ಹಾಕಿಸ್ಲಾ ಅಂತ ಕೇಳಿದ್ನಲ್ಲ, ನಾನು ಬಾಯಿಂದ ಸದ್ದೇ ಮಾಡ್ಲಿಲ್ಲ ಸೀನ. ಬರೀ ತುಟಿ ಆಡಿಸ್ದೆ.”

ಮಗ್ಗದ ಮನೆಯಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿಯೇ ಕೇಳುವುದು. ಮಗ್ಗದಡಿ ಅಂಗಾತ ಮಲಗಿ ರಿಪೇರಿ ಮಾಡುವವನು ಯಾವ ಸ್ಪ್ಯಾನರ್ ಕೇಳುತ್ತಾನೆಂಬುದನ್ನು ಮೇಲಿಂದ ನೋಡಿಯೇ ತಿಳಿಯುತ್ತೇವೆ. ಇದು ಹೊರಗಿನ ನವೀನನಿಗೆ ಗೊತ್ತಿಲ್ಲ. ಗಂಗಾಧರ ಮಗ್ಗ ಬಿಟ್ಟವನು, ಮರೆತಿದ್ದಾನೆ ಎಂದುಕೊಂಡಿದ್ದೆ. ನೇಕಾರರ ಮನೆಯಲ್ಲಿ ಹುಟ್ಟಿದವನ ಮುಂದೆ ಈ ಸುಳ್ಳು ಹೇಳಿದೆನಲ್ಲ, ಎಂಥ ದಡ್ಡ ನಾನು.

“ಅವತ್ತು ಜಿಮ್ಮಲ್ಲಿ ನನ್ನ ಮುಖದ ಮೇಲೇ ನಿಂತಿದ್ದೆ ನೀನು,” ಎಂದ. “ಬಿಡು. ಯಾರಿಗೂ ಹೇಳಲ್ಲ. ಕಾಫಿ ಕುಡಿ.”

ಹೇಳಲಿಲ್ಲ. ಮಂಜುಳಳಿಗೂ ಹೇಳಿಲ್ಲ. ಅವಳು ಇವತ್ತಿಗೂ ದಾರಿಯಲ್ಲಿ ಸಿಕ್ಕರೆ, “ಊಟ ಆಯ್ತಾ ಅಣ್ಣ?” ಎನ್ನುತ್ತಾಳೆ. ಅವನ ಬಲಗೈ ಭುಜದಿಂದ ಮೇಲೇಳುವುದಿಲ್ಲ, ದಿನಾ ಅಂಗಿ ತೊಡಿಸುವವಳು ಅವಳೇ.

ನನಗೆ ಪಶ್ಚಾತ್ತಾಪ ತಕ್ಷಣ ಬಂತೆಂದು ಬರೆದರೆ ನೀವು ನಂಬಬಹುದು, ಆದರೆ ಬರಲಿಲ್ಲ. ಮೊದಲು ಬಂದದ್ದು ಸಿಟ್ಟು. ಎಲ್ಲರ ಮುಂದೆ ನನ್ನ ಮಾನ ತೆಗೆದಿದ್ದರೆ ಜಗಳವಾಡಬಹುದಿತ್ತು. ಸುಮ್ಮನಿದ್ದು ಅದನ್ನೂ ಕಸಿದುಕೊಂಡ. ಇನ್ನೊಂದು ಸಂಕಟ ಅದಕ್ಕಿಂತ ದೊಡ್ಡದು. ಆ ಸ್ಪರ್ಧೆಯ ದಿನ ಅವನು ಬೇಕೆಂದೇ ಬಾರು ಹಿಡಿದನೋ, ನಿಜವಾಗಿಯೂ ಬೀಳುತ್ತದೆಂದು ಹೆದರಿ ಹಿಡಿದನೋ — ನಾನು ಇಷ್ಟು ವರ್ಷ ಒಂದು ಸಲವೂ ಕೇಳಿರಲಿಲ್ಲ. ನನಗೆ ಗೊತ್ತು ಎಂದುಕೊಂಡಿದ್ದೆ. ಈಗ ಕೇಳಬೇಕೆನಿಸುತ್ತದೆ, ಯಾವ ಮುಖವಿಟ್ಟುಕೊಂಡು ಕೇಳಲಿ? ಅವನು ಹೆದರಿಯೇ ಹಿಡಿದಿದ್ದರೆ... ಆ ಯೋಚನೆಯನ್ನು ಮುಗಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಾನು ಜಿಮ್ ಬಿಟ್ಟಿಲ್ಲ. ಈಗ ಅಲ್ಲಿ ನಾನೇ ಹಿರಿಯ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಿಂದ ಶಿಫ್ಟ್ ಮುಗಿಸಿ ಬರುವ ಹುಡುಗರು, “ಸೀನಣ್ಣ ಸಪೋರ್ಟಿಗಿದ್ರೆ ಧೈರ್ಯ,” ಎಂದು ನನ್ನನ್ನೇ ಕರೆಯುತ್ತಾರೆ. ಕಣ್ಣುಮುಚ್ಚಿ ಉಸಿರೆಳೆದುಕೊಂಡು ಬಾರು ಇಳಿಸುತ್ತಾರೆ. ಆಗ ಅವರ ಮುಖ ನೋಡಲು ನನ್ನಿಂದ ಆಗುವುದಿಲ್ಲ.

ನಾಳೆ ಬೆಳಿಗ್ಗೆ ನವೀನನಿಗೆ ಹಾಡು ನಿಲ್ಲಿಸಲು ಹೇಳಿ, ಎಲ್ಲರೆದುರು ನಡೆದದ್ದನ್ನು ಹೇಳುತ್ತೇನೆ. ಅಲ್ಲಿಂದ ಮಂಜುಳಳ ಮನೆಗೆ ಹೋಗಿ ಅವಳಿಗೂ ಹೇಳುತ್ತೇನೆ. ಗಂಗಾಧರ ಕ್ಷಮಿಸಲಿ ಎಂದಲ್ಲ. ಅವನ ಮೇಲಿನ ಸಿಟ್ಟು ನನ್ನಲ್ಲೇ ಪೂರ್ತಿ ಆರಿಲ್ಲ, ಇನ್ನು ಅವನಿಂದ ಏನು ಕೇಳಲಿ. ಅದಾದ ಮೇಲೆ ನನ್ನ ಕೈ ನಂಬಿ ಯಾರೂ ಆ ಬೆಂಚಿನ ಮೇಲೆ ಮಲಗುವುದಿಲ್ಲ. ಮಲಗಲೂ ಬಾರದು.