ಸೀರೆ ಗಾರ್ಡಿನ ಕೊಕ್ಕೆಗಳು

ಕಳೆದ ಡಿಸೆಂಬರಿನ ಆ ಬೆಳಿಗ್ಗೆಯೂ ಎಂದಿನಂತೆಯೇ ಶುರುವಾಗಿತ್ತು. ಮಕ್ಕಳ ಸ್ಕೂಲ್ ಬಸ್ ಹೋದ ಮೇಲೆ ಉಳಿದ ಹಿಟ್ಟಿನಲ್ಲಿ ನನಗೊಂದು ದೋಸೆ ಹುಯ್ದುಕೊಂಡು ತಿಂದು, ಒಗೆದ ಪರದೆಗಳನ್ನು ಹಾಲಿನ ಕಿಟಕಿಗೆ ಏರಿಸುತ್ತಿದ್ದೆ. ದುಬೈಯ ಅಲ್ ಮುರಕ್ಕಬಾತಿನಲ್ಲಿ ನಾನು ಗೃಹಿಣಿ. ಜೊತೆಗೆ ಕೆಲವು ವರ್ಷಗಳಿಂದ ಹಳೆಯ ಸೈಕಲ್‌ಗಳಿಗೆ ಬಿಡಿಭಾಗ ಹುಡುಕಿಕೊಡುವ ಕೆಲಸ. ಬೆಲ್ಲಿನ ಸ್ಪ್ರಿಂಗ್, ಪೆಡಲಿನ ರಬ್ಬರ್, ಹೀಗೆ ಅಂಗಡಿಯವರು ಇಡಲು ಬೇಸರಪಡುವಷ್ಟು ಸಣ್ಣ ವಸ್ತುಗಳು.

ಅಬುಧಾಬಿಯಿಂದ ಇಂಜಿನಿಯರ್ ಪಾಟೀಲರ ಫೋನ್ ಬಂತು. ಧಾರವಾಡದಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಅವರ ತಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಅವರು ಶಾಲೆಗೆ ಓಡಿಸುತ್ತಿದ್ದಂಥದೇ ಹಳೆಯ ಲೇಡೀಸ್ ಸೈಕಲ್ ಒಂದನ್ನು ಮಗ ಕೊಂಡು ರಿಪೇರಿ ಮಾಡಿಸಿದ್ದರು. ಮರುದಿನ ಬೆಳಿಗ್ಗೆ ತಾಯಿ ಊರಿಗೆ ಹೊರಡುವವರು.

"ಅವ್ವ ಇನ್ನೂ ಒಂದ್ ಸುತ್ತೂ ಹೊಡದಿಲ್ರಿ ಅಕ್ಕಾರ. ಗಾರ್ಡ್ ಇಲ್ದ ನಾ ಹತ್ತಾಕ ಬಿಡೂದಿಲ್ಲ, ಆಕಿ ಸೀರಿ ಬಿಡೂದಿಲ್ಲ."

ಸೀರೆ ಗಾರ್ಡ್ ಎಂದರೆ ಸೆರಗು ಚಕ್ರಕ್ಕೆ ಸಿಗದಂತೆ ಹಿಂದಿನ ಮಡ್‌ಗಾರ್ಡಿನ ಅಂಚಿನಿಂದ ಚಕ್ರದ ನಡುವಿನವರೆಗೆ ಎಳೆದು ಕಟ್ಟುವ ದಾರದ ಬಲೆ. ಪಾಟೀಲರು ಕಳಿಸಿದ ಫೋಟೊದಲ್ಲಿ ನಡುವಿನ ಲೋಹದ ಪಟ್ಟಿ ಇತ್ತು. ಅದರ ರಂಧ್ರಗಳಲ್ಲಿ ದಾರ ಹಿಡಿದಿಡುವ ಪುಟ್ಟ ಕೊಕ್ಕೆಗಳು ಒಂದೂ ಇರಲಿಲ್ಲ. ರಂಧ್ರದ ಅಳತೆ ಕೇಳಿಕೊಂಡು, ಹಳೆಯ ಬಿಡಿಭಾಗಗಳ ಅಂಗಡಿಗಳಿರುವ ರಾಸ್ ಅಲ್ ಖೋರಿಗೆ ಹೋದೆ.

"ಮಾಫಿ, ಸಿಸ್ಟರ್," ಎನ್ನುತ್ತಾ ಇಲ್ಲವೆಂದು ತಲೆಯಾಡಿಸಿದರು ಪರಿಚಯದ ಅಂಗಡಿಯವರು. ಅವರು ತೋರಿಸಿದ ಪ್ಲಾಸ್ಟಿಕ್ ಗಾರ್ಡ್ ಹೊಸ ಸೈಕಲ್ಲಿನದು. ಆ ದೊಡ್ಡ ಚಕ್ರಕ್ಕೆ ಕೂರುವಂಥದಲ್ಲ. ಉಳಿದ ಅಂಗಡಿಗಳಲ್ಲೂ ಅದೇ ಉತ್ತರ.

ಮನೆಗೆ ಬಂದು ಸೋಫಾದ ಮೇಲೆ ಕುಳಿತೆ. ಬೆಳಿಗ್ಗೆ ಅರ್ಧಕ್ಕೆ ಬಿಟ್ಟಿದ್ದ ಪರದೆ ಒಂದು ಕಡೆ ಜೋತಾಡುತ್ತಿತ್ತು. ಅದರ ಬಟ್ಟೆಯಂಚಿನಿಂದ ಹಿತ್ತಾಳೆಯ ಕೊಕ್ಕೆಯೊಂದು ಇಣುಕುತ್ತಿತ್ತು. ಅದನ್ನೇ ಬಿಚ್ಚಿ ಪರ್ಸಿಗೆ ಹಾಕಿಕೊಂಡು ನೈಫ್ ಮಾರುಕಟ್ಟೆಯ ಪರದೆ ಅಂಗಡಿಗೆ ಹೋದೆ. ಅದಕ್ಕಿಂತ ಸಣ್ಣ ಅಳತೆಯ ಕೊಕ್ಕೆಗಳು ಅಲ್ಲಿ ಡಬ್ಬಿಗಟ್ಟಲೆ ಇದ್ದವು.

ಸಂಜೆ ಪಾಟೀಲರು ಸೈಕಲ್ಲಿನೊಂದಿಗೆ ತಾಯಿಯನ್ನೂ ಕರೆತಂದರು. ನಮ್ಮ ಬಿಲ್ಡಿಂಗಿನ ಹಿಂದಿನ ಪಾರ್ಕಿಂಗಿನಲ್ಲಿ ಚಾಪೆ ಹಾಸಿ ಕುಳಿತು, ಕೊಂಡು ತಂದ ಕೊಕ್ಕೆಗಳನ್ನು ಪಟ್ಟಿಯ ರಂಧ್ರಗಳಿಗೆ ಸಿಕ್ಕಿಸಿ, ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಸಿಸ್ಟರ್ ಕಲಿಸಿದ ಗಂಟುಗಳನ್ನೇ ಹಾಕಿ ಮನೆಯ ಲೇಸ್ ಹೊದಿಕೆಗಳಿಗೆ ಬಳಸಿ ಉಳಿದಿದ್ದ ಬಿಳಿಯ ಕ್ರೋಶಾ ದಾರದಲ್ಲಿ ಬಲೆ ಕಟ್ಟಿದೆ.

"ಪ್ಯಾಂಟ್ ಹಾಕ್ಕೊ ಅಂತಾನ್ರಿ ಇವ," ಎಂದರು ತಾಯಿ, ನನ್ನ ಕೈಯನ್ನೇ ನೋಡುತ್ತಾ. "ನನ್ನ ಶಾಲಿ ಹುಡುಗ್ಯಾರು ನೋಡಿದ್ರ ಏನಂದಾರು?"

ಅವರು ಸೆರಗು ಸಿಕ್ಕಿಸಿ ಹತ್ತಿದರು. ಮಗ ಸೀಟು ಹಿಡಿದು ಹಿಂದೆ ಓಡಿದರು.

"ಸೀಟ್ ಬಿಡಲೇ. ನಿನಗ ಕಲಿಸಿದಾಕಿ ನಾ."

ಪಾಟೀಲರು ಬಿಟ್ಟರು. ಸೀರೆಯ ನೆರಿಗೆ ಬಲೆಗೆ ಸವರಿಕೊಂಡು ಜಾರುತ್ತಿತ್ತು, ಎಲ್ಲೂ ಸಿಗಲಿಲ್ಲ. ತಾಯಿ ಪಾರ್ಕಿಂಗಿನ ತುದಿಯಲ್ಲಿ ಬೆಲ್ ಬಾರಿಸಿ ತಿರುಗಿದರು.

ಬಿಡಿಭಾಗ ಸಿಗದಾಗ ಅದರ ಹೆಸರು ಹಿಡಿದು ಅಲೆಯುವ ಬದಲು ಅದು ಮಾಡುವ ಕೆಲಸ ಏನೆಂದು ಕೇಳಿಕೊಳ್ಳಬೇಕು. ಈ ಉದ್ಯೋಗ ನನಗೆ ಕಲಿಸಿದ್ದು ಅದು.

ಅಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಉಡುಪಿಯ ಶಾರದಕ್ಕ ಕಸದ ಚೀಲ ಹಿಡಿದು ಇಳಿದು ಬಂದರು. ಹಾದುಹೋದ ಚಕ್ರವನ್ನು ನೋಡಿದರು, ನನ್ನನ್ನು ನೋಡಿದರು.

"ಟೀಪಾಯಿಗೆ ಆಯ್ತು, ಟಿವಿಗೆ ಆಯ್ತು. ಈಗ ಸೈಕಲ್ಲಿಗೂ ಲೇಸ್ ಹಾಕ್ಲಿಕ್ಕೆ ಶುರು ಮಾಡಿದ್ರಾ ಮಾರಾಯ್ರೆ?"