ಎಳೆದರೆ ಬಿಚ್ಚಿಕೊಳ್ಳುವ ಅಂಗಿ

ಹನಗೋಡಿನ ಹಾಲಿನ ಡೇರಿ ಇನ್ನೂ ಬಾಗಿಲು ತೆರೆದಿಲ್ಲ. ಪ್ರೇಮಮ್ಮ ಮಾತ್ರ ಆಗಲೇ ತಮ್ಮ ಟೈಲರ್ ಅಂಗಡಿಯಲ್ಲಿ ಒಂದು ವಿಚಿತ್ರ ಕೆಲಸದಲ್ಲಿದ್ದಾರೆ. ಆಗಷ್ಟೇ ಹೊಲಿದ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಅದರ ಹಿಂದಿನ ಅಂಚನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಮುಂದಕ್ಕೆ ರಪ್ಪನೆ ನುಗ್ಗುತ್ತಾರೆ. ಎದೆಯ, ತೋಳಿನ ತುದಿಯ ಟಿಚ್ ಬಟನ್ನುಗಳು ಪಟಪಟ ಬಿಚ್ಚಿಕೊಳ್ಳುತ್ತವೆ, ಒಂದನ್ನು ಬಿಟ್ಟು. ಆ ಒಂದನ್ನು ಕಿತ್ತು ಬೇರೆ ಕೂರಿಸುತ್ತಾರೆ.

"ನೋಡ್ದೋರು ಇವ್ಳಿಗೆ ತಲೆ ಕೆಟ್ಟದೆ ಅಂತಾರೆ. ಅನ್ಲಿ ಬುಡಿ," ಎಂದು ನಗುತ್ತಾರೆ.

ಈ ಸೀಮೆಯಲ್ಲಿ ಹೊಗೆಸೊಪ್ಪು ಕೀಳಲು ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೇ ಶರ್ಟು ತೊಡುತ್ತಾರೆ. ಗಂಡನಿಗೇ ನೆಟ್ಟಗೆ ಕೂರದ ಅಂಗಿ ಹೆಂಡತಿಗೆ ಎಲ್ಲಿಂದ ಕೂರಬೇಕು! ಬಗ್ಗಿದರೆ ಜೇಬಿನ ಮೊಬೈಲು ಕೆಸರಿಗೆ. ಅಗಲ ತೋಳಿನೊಳಗೆ ಸೊಪ್ಪಿನ ಅಂಟು ನುಗ್ಗಿ ಮೊಣಕೈವರೆಗೂ ಕಪ್ಪು. ಮದುವೆಯಾದ ಹೊಸದರಲ್ಲಿ ಪ್ರೇಮಮ್ಮ ತಾವೇ ಸೊಪ್ಪು ಕಿತ್ತವರು. ಬೆನ್ನುನೋವು ಹಿಡಿದು ಹೊಲ ಬಿಟ್ಟ ಮೇಲೆ ಹುಣಸೂರಿನಲ್ಲಿ ಹೊಲಿಗೆ ಕಲಿತರು. ರವಿಕೆ ಹೊಲಿಯುತ್ತಲೇ ಹೆಂಗಸರಿಗೆಂದೇ ಕೆಲಸದ ಅಂಗಿ ಹೊಲಿಯತೊಡಗಿದರು.

ಅವರ ಅಂಗಿಯ ಜೇಬು ಒಳಗಡೆ, ಪಕ್ಕಕ್ಕಿದೆ. ತೋಳಿನ ತುದಿ ಬಿಗಿ. ಭುಜದ ಹೊಲಿಗೆ ಬೆನ್ನಿನ ಕಡೆಗೆ ಸರಿದಿದೆ, ಹೊರೆ ಹೊತ್ತಾಗ ಒತ್ತಬಾರದಲ್ಲ. ಪಕ್ಕದ ಟೈಲರ್ ದಿನಕ್ಕೆ ಎಂಟು ಅಂಗಿ ಮುಗಿಸಿದರೆ ಪ್ರೇಮಮ್ಮ ಮೂರು. ಹುಣಸೂರಿನ ಬಟ್ಟೆ ವ್ಯಾಪಾರಿ ಮಹದೇವಪ್ರಸಾದ್ ಒಮ್ಮೆ ಕೇಳಿದರಂತೆ: "ಅಲ್ಲಮ್ಮ, ಒಳಗಿನ ಹೊಲಿಗೆ ಯಾರು ನೋಡ್ತಾರೆ?"

"ಆಕ್ಕಂಡೋರಿಗೆ ಗೊತ್ತಾಯ್ತದೆ ಕಣ್ರೀ," ಎಂದರಂತೆ ಇವರು.

ಇಷ್ಟೆಲ್ಲ ನೋಡಿ ಹೊಲಿದವರ ಕಣ್ಣಿಗೂ ಒಂದು ವಿಷಯ ತಪ್ಪಿತು. ವೀರನಹೊಸಹಳ್ಳಿ ಬಳಿಯ ಗಿರಿಜನ ಹಾಡಿಯ ಕುಳ್ಳಮ್ಮ ಹೋದ ವರ್ಷ ಇವರ ಅಂಗಿಯನ್ನೇ ತೊಟ್ಟು ಕಾಡಂಚಿನ ಹೊಲಕ್ಕೆ ಹೋಗಿದ್ದರು. ಒಂಟಿ ಆನೆ ಬಂತು. ಎಲ್ಲರೂ ಓಡಿದರು. ಕುಳ್ಳಮ್ಮನ ಅಂಗಿ ಲಂಟಾನದ ಮುಳ್ಳಿಗೆ ಸಿಕ್ಕಿಕೊಂಡಿತು. ಗಟ್ಟಿ ಬಟ್ಟೆ ಹರಿಯಲಿಲ್ಲ, ಗಟ್ಟಿ ಗುಂಡಿ ಕಿತ್ತುಬರಲಿಲ್ಲ. ಪುಣ್ಯಕ್ಕೆ ಆನೆ ಬೇರೆ ಕಡೆ ತಿರುಗಿತು. ಅಂದಿನಿಂದ ಕುಳ್ಳಮ್ಮ ಆ ಅಂಗಿ ಮುಟ್ಟಿಲ್ಲ.

"ಗಟ್ಟಿ ಒಲ್ದಿದೀನಿ ಅಂತ ಜಂಬ ಪಡ್ತಿದ್ದೆ. ಆ ಗಟ್ಟಿನೇ ಅವ್ಳನ್ನ ಇಡ್ಕಂಡಿತ್ತಲ್ಲ!" ಹೇಳುವಾಗ ಪ್ರೇಮಮ್ಮನ ಕಣ್ಣು ಒದ್ದೆಯಾಗುತ್ತದೆ. "ಬಗ್ಗಿದ್ರೆ ಬಿಚ್ಕಬಾರ್ದು, ಎಳುದ್ರೆ ನಿಲ್ಬಾರ್ದು. ಅಂಗೆ ಇರ್ಬೇಕು ಬಟನ್ನು." ಗುಂಡಿ ಬಿಟ್ಟು ಟಿಚ್ ಬಟನ್ನು ಹಾಕಿ ನೋಡಿದರು. ಸಡಿಲವಾದದ್ದು ಬಗ್ಗಿದೊಡನೆ ಬಿಚ್ಚಿಕೊಂಡಿತು. ಬಿಗಿಯಾದದ್ದು ಎಳೆದರೂ ಜಗ್ಗಲಿಲ್ಲ. ನಡುವಿನದನ್ನು ಹುಡುಕಿ ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ತಂದರು.

ಕೂಲಿಯವರ ಜೀಪು ಬಂದು ನಿಲ್ಲುತ್ತದೆ. ಹೇಳಿಕಳಿಸಿದ್ದಕ್ಕೆ ಕುಳ್ಳಮ್ಮ ಇಳಿದು ಬರುತ್ತಾರೆ. ಮುಖದಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಹೊಸ ಅಂಗಿ ತೊಟ್ಟು ಬಗ್ಗುತ್ತಾರೆ, ಕುಕ್ಕರಗಾಲಲ್ಲಿ ಕೂರುತ್ತಾರೆ, ಕೈಯೆತ್ತುತ್ತಾರೆ. ಒಂದು ಬಟನ್ನೂ ಅಲುಗುವುದಿಲ್ಲ. ಪ್ರೇಮಮ್ಮ ಹಿಂದಿನ ಅಂಚನ್ನು ಚಿಲಕಕ್ಕೆ ಸಿಕ್ಕಿಸಲು ಹೋಗುತ್ತಾರೆ.

"ಚಿಲ್ಕ ಗಿಲ್ಕ ಬ್ಯಾಡ ಅಕ್ಕಾ. ನೀವೇ ಇಡ್ಕಳಿ, ಗಟ್ಟಿಯಾಗಿ," ಎನ್ನುತ್ತಾರೆ ಕುಳ್ಳಮ್ಮ.

ಪ್ರೇಮಮ್ಮ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಾಲೂರಿ ನಿಲ್ಲುತ್ತಾರೆ. ಕುಳ್ಳಮ್ಮ ಬೀದಿಗೆ ಓಡುತ್ತಾರೆ. ಪಟಪಟ ಸದ್ದಾಗುತ್ತದೆ. ಅಂಗಿ ಪ್ರೇಮಮ್ಮನ ಕೈಯಲ್ಲಿ, ಕುಳ್ಳಮ್ಮ ಜೀಪಿನ ಹತ್ತಿರ! ಜೀಪಿನಲ್ಲಿದ್ದವರು ಗೊಳ್ಳನೆ ನಗುತ್ತಾರೆ.

ಕುಳ್ಳಮ್ಮ ಏದುಸಿರು ಬಿಡುತ್ತಾ ವಾಪಸು ಬಂದು, ಅಂಗಿ ಇಸಿದುಕೊಂಡು ತೊಟ್ಟು, ಒಂದೊಂದೇ ಬಟನ್ನು ಒತ್ತುತ್ತಾರೆ. "ಮಗ್ಳು ಸುಮಿತ್ರಾನೂ ಈಗ ನನ್ ಜೊತೆ ಕೆಲ್ಸುಕ್ ಬತ್ತಾಳೆ. ಅವ್ಳಿಗೂ ಒಂದು ಒಲ್ಕೊಡಿ ಅಕ್ಕಾ."

"ಕರ್ಕಂಬಾ," ಎನ್ನುತ್ತಾರೆ ಪ್ರೇಮಮ್ಮ, ಕೊರಳಿಗೆ ಟೇಪು ಹಾಕಿಕೊಳ್ಳುತ್ತಾ. "ಮೊದ್ಲು ಅವ್ಳು ಎಂಗೆ ಓಡ್ತಾಳೆ ಅಂತ ನಾನು ನೋಡ್ಬೇಕು."